ಬಾಯಿ ಮುಚ್ಚಿ ಬರೆದ ಲೆಕ್ಕ

ಹಲಸಿನಕಾಯಿ ಬಲಿಯುವುದೂ ಏಳನೇ ಇಯತ್ತೆಯ ಪರೀಕ್ಷೆ ಬರುವುದೂ ಒಂದೇ ಹೊತ್ತಿಗೆ. ಪಾರ್ವತವ್ವನ ಮನೆಯಲ್ಲಿ ಎರಡರ ಕೆಲಸವೂ ಒಂದೇ ಜಗಲಿಯ ಮೇಲೆ ಆಗುತ್ತಿತ್ತು. ಬೇಯಿಸಿ ಕುಟ್ಟಿದ ಹಲಸಿನ ಹಿಟ್ಟನ್ನು ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತುವವಳು ಅಜ್ಜಿ. ಒತ್ತಿದ ಹಪ್ಪಳವನ್ನು ಹರಿಯದಂತೆ ಬಿಡಿಸಿ ಚಾಪೆಯ ಮೇಲೆ ಹರವುವವಳು ಮೊಮ್ಮಗಳು ಸೌಮ್ಯ. ಮಣೆ ಒಂದು ಸಲ ದಬ್ ಎಂದರೆ ಹುಡುಗಿಯ ಬಾಯಿಂದ ಒಂದು ಉತ್ತರ ಉದುರಬೇಕು. ಅದು ಅವರಿಬ್ಬರ ಕಟ್ಟಳೆ.

“ಹದ್ಮೂರ್ ಏಳ್ಲಿ?”

“ತೊಂಬತ್ತೊಂದು.”

ದಬ್.

“ವೃತ್ತದ ವಿಸ್ತೀರ್ಣ?”

“ಇಪ್ಪತ್ತೆರಡು ಬೈ ಏಳು, ಇಂಟು ತ್ರಿಜ್ಯ, ಇಂಟು ತ್ರಿಜ್ಯ.”

“ಹಾಂಗಂದ್ರೆ ಎಂತದು?”

“ಹಪ್ಪಳ ಚಾಪೆ ಮೇಲೆ ಹಿಡಿಯೂ ಜಾಗ.”

“ಪರಿಧಿ?”

“ಇರುವೆ ಹಪ್ಪಳದ ಅಂಚಿಗೆ ಒಂದು ಸುತ್ತು ಬಂದ್ರೆ ನಡಿಯೂ ದಾರಿ.”

ದಬ್. ಮಣೆ ಒತ್ತುವಾಗ ಅಜ್ಜಿಯ ಬಲಗಾಲಿನ ಹೆಬ್ಬೆರಳೂ ನೆಲಕ್ಕೆ ಒಂದು ಪೆಟ್ಟು ಕೊಡುತ್ತಿತ್ತು. ಅದು ಅವಳಿಗೇ ಗೊತ್ತಿರದ ಅಭ್ಯಾಸ. ನೋಡಿ ನೋಡಿ ಹುಡುಗಿಗೂ ಅಂಟಿತ್ತು.

ಪಾರ್ವತವ್ವ ಶಾಲೆಗೆ ಹೋದದ್ದು ಎರಡನೇ ಇಯತ್ತೆಯವರೆಗೆ. ಅವಳು ಒಂದು ಸಾಲನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀಯುತ್ತಿತ್ತು. ಆದರೆ ಕಿವಿಗೆ ಬಿದ್ದದ್ದನ್ನು ಮರೆಯುವ ಹೆಂಗಸಲ್ಲ. ಸೌಮ್ಯ ಒಂದು ಪಾಠವನ್ನು ಗಟ್ಟಿಯಾಗಿ ಓದಿದರೆ ಮರುದಿನ ಅದನ್ನೇ ತಿರುಗಿಸಿ ಕೇಳುವಳು. ಒಂದು ಶಬ್ದ ಆಚೀಚೆಯಾದರೂ ಮಣೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಕೇರಿಯ ಬೇರೆ ಮಕ್ಕಳೂ ಸಂಜೆ ಬಂದು ಕೂರುವುದಿತ್ತು, ಓದಿಗೆ ಅರ್ಧ, ಹಸಿ ಹಿಟ್ಟಿನ ಆಸೆಗೆ ಅರ್ಧ. ಅವರಲ್ಲಿ ಸೌಮ್ಯಳಷ್ಟು ಚುರುಕಾಗಿ ಬಾಯಿ ಬಿಡುವವರು ಇನ್ನೊಬ್ಬರಿರಲಿಲ್ಲ.

ಅದೇ ಸೌಮ್ಯ ಹೋದ ವರ್ಷ ಗಣಿತದ ಕಾಗದದ ಮೇಲೆ ತನ್ನ ನಂಬರು ಬರೆದು, ಉಳಿದದ್ದನ್ನು ಬೆಳ್ಳಗೆ ಬಿಟ್ಟು ಎದ್ದು ಬಂದಿದ್ದಳು. ಯಾಕೆ ಎಂದರೆ ಉತ್ತರವಿಲ್ಲ. ಬೈದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ತೊಂಬತ್ತೈದನೇ ಇಸವಿಯ ಮಾತು ಅದು. ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ, ದೂರದ ಕೇಂದ್ರದ ಶಾಲೆಗೆ ಹೋಗಿ ಬರೆಯಬೇಕು. ಒಂದು ವಿಷಯ ಹೋದರೂ ವರ್ಷ ಹೋದ ಹಾಗೆ. ಜೊತೆಯವರು ಹೈಸ್ಕೂಲಿಗೆ ಹೋದರು. ಇವಳು ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಕೂತಳು.

ಈ ಸಲ ಪರೀಕ್ಷೆಗೆ ಇನ್ನೊಂದು ವಾರ ಇದೆ ಎನ್ನುವಾಗ ಅವಳಪ್ಪ ಮನೋಹರ ಗದ್ದೆಯಿಂದ ಬಂದವನು ಕೈಕಾಲು ತೊಳೆಯದೆ ಜಗಲಿಯ ತುದಿಗೆ ಕೂತ.

“ಗೌರಿ ಹೇಳಿ ಕಳ್ಸಿದಾಳೆ ಅವ್ವಾ. ಅವಳ ರಜೆ ಮುಗೀತಂತೆ. ಕೂಸನ್ನ ನೋಡ್ಕಳ್ಳೂಕೆ ಜನ ಇಲ್ಲ. ಈ ಕೆಲ್ಸ ಬಿಟ್ರೆ ಮತ್ತೆ ಸಿಗೂದಿಲ್ಲ ಅಂತಾಳೆ.”

ಗೌರಕ್ಕ ಪಾರ್ವತವ್ವನ ಮಗಳು, ಮನೋಹರನ ತಂಗಿ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಮಗು ಇನ್ನೂ ಕೂರಲು ಕಲಿತಿರಲಿಲ್ಲ.

“ಗಣಿತದ ದಿನ ಬರ್ತಾಳೆ,” ಅಂದ ಮನೋಹರ. “ಸೌಮ್ಯ ಈ ಸಲ ಬರದ್ರೆ ಸರಿ. ಇಲ್ಲೇ ಇರ್ಲಿ, ಹೈಸ್ಕೂಲಿಗೆ ಹೋಗ್ಲಿ, ನಾ ಬೇಡ ಅನ್ನೂದಿಲ್ಲ. ಹೋದ ವರ್ಷದ ಹಾಂಗೆ ಖಾಲಿ ಕಾಗ್ದ ಕೊಟ್ಟು ಬಂದ್ರೆ ಅವತ್ತೇ ಸಂಜೆ ಬಸ್ಸಿಗೆ ಅತ್ತೆ ಸಂಗ್ತಿಗೆ ಹುಬ್ಬಳ್ಳಿಗೆ ಹೋಗ್ತದೆ. ಖಾಲಿ ಕಾಗ್ದಕ್ಕೆ ರಿಸಲ್ಟ್ ಕಾಯೂದೆಂತಕ್ಕೆ?”

“ಹುಡ್ಗಿ ಮುಂದೆ ಹೇಳೂ ಮಾತನಾ ಇದು?”

“ಅದ್ಕೆ ಗೊತ್ತಾಗ್ಲಿ ಅಂತ್ಲೇ ಹೇಳಿದ್ದು.”

ಸೌಮ್ಯ ಬಿಡಿಸುತ್ತಿದ್ದ ಹಪ್ಪಳ ನಡುವೆ ಹರಿಯಿತು. ಅವಳು ಅದನ್ನು ಮುದ್ದೆ ಮಾಡಿ ಹಿಟ್ಟಿನ ಪಾತ್ರೆಗೆ ಹಾಕಿದಳು. ಒಳಗೆ ಅವಳವ್ವ ಚೌಡಮ್ಮ ಒಲೆಗೆ ಕಟ್ಟಿಗೆ ತುರುಕುತ್ತಿದ್ದ ಸದ್ದು ನಿಂತಿತು. ಮನೋಹರ ಕೆಟ್ಟವನಲ್ಲ. ತಂಗಿಯ ಕಷ್ಟ ಒಂದು ಕಡೆ, ಮಗಳ ಖಾಲಿ ಕಾಗದ ಇನ್ನೊಂದು ಕಡೆ ಇಟ್ಟು ತೂಗಿದ್ದ, ಅಷ್ಟೆ.

ಮರುದಿನ ಪಾರ್ವತವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದು ಶಾಲೆಗೆ ಹೋದಳು. ಶಿವಪುತ್ರಪ್ಪ ಮಾಸ್ತರು ಹಾವೇರಿ ಕಡೆಯವರು, ಶಾಲೆಯ ಪಕ್ಕದ ಕೋಣೆಯಲ್ಲೇ ಬಿಡಾರ. ಏಳನೇ ಇಯತ್ತೆಯ ಮಕ್ಕಳನ್ನು ಸಂಜೆವರೆಗೂ ಕೂರಿಸಿ, ಹಳೆಯ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು, ಪರೀಕ್ಷೆಯ ಹಾಗೇ ಬರೆಸುತ್ತಿದ್ದರು. ಅವಳು ಹೋದಾಗ ಅದೇ ನಡೆದಿತ್ತು. ಗಲಾಟೆ ಮಾಡಬಾರದೆಂದು ಕಿಟಕಿಯ ಪಕ್ಕದಲ್ಲಿ ನಿಂತಳು.

ಸೌಮ್ಯ ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಕೈಯಲ್ಲಿ ಪೆನ್ನು, ಕಣ್ಣು ಹಲಗೆಯ ಮೇಲೆ. ಕೈ ಮಾತ್ರ ಏಳುತ್ತಿಲ್ಲ. ಕುತ್ತಿಗೆಯ ನರ ಉಬ್ಬಿತ್ತು, ಭಾರ ಹೊತ್ತವರ ಹಾಗೆ. ಅಷ್ಟರಲ್ಲಿ ಮಾಸ್ತರು ನೀರು ಕುಡಿಯಲು ಆಚೆ ಹೋದರು. ಹುಡುಗಿಯ ತುಟಿ ಬಿಚ್ಚಿತು. ಪಿಸಪಿಸ ಶುರುವಾಯಿತು. ತುಟಿಯ ಜೊತೆ ಕೈಯೂ ಓಡತೊಡಗಿತು, ಕಟ್ಟು ತೆಗೆದ ಕಾಲುವೆಯ ಹಾಗೆ. ಮಾಸ್ತರ ಚಪ್ಪಲಿಯ ಸದ್ದು ಕೇಳಿದ್ದೇ ಬಾಯಿ ಮುಚ್ಚಿತು. ಕೈ ನಿಂತಿತು.

ಪಾರ್ವತವ್ವನಿಗೆ ತಿಳಿದುಹೋಯಿತು. ಹುಡುಗಿಗೆ ಲೆಕ್ಕ ಬರುತ್ತದೆ. ಬಾಯಿಂದ ಬರುತ್ತದೆ. ಬಾಯಿ ಮುಚ್ಚಿದರೆ ಲೆಕ್ಕವೂ ಮುಚ್ಚಿಹೋಗುತ್ತದೆ. ಹಾಗೆ ಕಲಿಸಿದ್ದು ಯಾರು? ಮಣೆ ಒತ್ತಿ ಒತ್ತಿ, ಗಟ್ಟಿ ಹೇಳು, ಇನ್ನೂ ಗಟ್ಟಿ ಹೇಳು ಎಂದು ಕೂಗಿಸಿದ್ದು ಯಾರು?

ಮಕ್ಕಳನ್ನು ಬಿಟ್ಟಮೇಲೆ ಮಾಸ್ತರು ಹೊರಗೆ ಬಂದರು. “ಬರ್ರಿ ಅಜ್ಜಿ, ಕುಂದರ್ರಿ. ಮಜ್ಜಿಗಿ ತಂದೀರೇನು? ಜೀವ ಬಂತು ನೋಡ್ರಿ. ನಿಮ್ಮ ಹುಡುಗಿದು ನನಗ ತಿಳಿಯವಲ್ದು. ಎಬ್ಬಿಸಿ ಕೇಳಿದ್ರ ನನಗಿಂತ ಮೊದಲ ಹೇಳ್ತಾಳ. ಬರಿ ಅಂದ್ರ ಬರಿಯಂಗಿಲ್ಲ. ಅಂಜಿಕಿ ಇರಬೇಕು.”

ಅವಳು ಕಂಡದ್ದನ್ನು ಹೇಳಿದಳು. ಮಾಸ್ತರು ತಂಬಿಗೆ ಕೆಳಗಿಟ್ಟರು.

“ಸೌಮ್ಯಾ, ಬಾ ಇಲ್ಲಿ. ಹೋದ ವರ್ಷ ಕೇಂದ್ರದಾಗ ಏನಾತು? ಖರೇ ಹೇಳು.”

ಸೌಮ್ಯ ಪಾಟಿಚೀಲದ ದಾರ ಜಗ್ಗುತ್ತಾ ನಿಂತಳು. ಅಜ್ಜಿ ಅವಳ ಬೆನ್ನಿನ ಮೇಲೆ ಕೈ ಇಟ್ಟಳು. ಆ ಕೈ ತೆಗೆಯಲೂ ಇಲ್ಲ, ಒತ್ತಲೂ ಇಲ್ಲ. ಆಗ ಮಾತು ಹೊರಟಿತು.

“ನಾ ಸಣ್ಣಕೆ ಹೇಳ್ಕಂಡು ಬರೀತಿದ್ದೆ. ಕಾವಲಿಗೆ ನಿಂತ ಅಕ್ಕೋರು ಬಂದು, ಯಾರಿಗೆ ಹೇಳಿಕೊಡ್ತಿದ್ದೆ, ಕಾಪಿ ಮಾಡಿಸ್ತೀಯನೇ ಅಂದ್ರು. ಮುಂದಿನ ಬೆಂಚಿನವ್ಳಿಗೂ ಬೈದ್ರು. ಮೂಲೇಲಿ ಕೂರ್ಸಿ, ಇನ್ನು ತುಟಿ ಅಲ್ಲಾಡಿದ್ರೆ ಕಾಗ್ದ ಕಸ್ಕತ್ತೆ ಅಂದ್ರು. ಆಮೇಲೆ... ಆಮೇಲೆ ಬರ್ಲೇ ಇಲ್ಲ.”

“ಮನೇಲಿ ಎಂತಕ್ಕೆ ಹೇಳ್ಲಿಲ್ಲೆ?”

“ಕಾಪಿ ಅಂದ್ರು ಅಂತ ಹೇಳೂದು ಹ್ಯಾಂಗೆ ಅಜ್ಜೀ?”

ಮಾಸ್ತರು ಆಚೆ ತಿರುಗಿ ಸುಮ್ಮನೆ ಕೆಮ್ಮಿದರು. “ಕೇಂದ್ರದಾಗ ನನ್ನ ಮಾತು ನಡಿಯಂಗಿಲ್ರೀ ಅಜ್ಜಿ. ಪಿಸಪಿಸ ಅಂದ್ರ ಅವರು ಬಿಡೂದೂ ಇಲ್ಲ, ಅದು ಅವರ ಕೆಲಸ. ಬಾಯಿ ಮುಚ್ಚಿ ಬರಿಯೂದನ್ನ ಈ ವಾರದಾಗ ಕಲಿಸಬೇಕು. ನಾ ಇಲ್ಲಿ ನೋಡ್ತೀನಿ, ನೀವು ಮನ್ಯಾಗ ನೋಡ್ರಿ.”

ಅಂದಿನಿಂದ ಜಗಲಿಯ ಕಟ್ಟಳೆ ತಿರುವುಮುರುವಾಯಿತು. ಪಾರ್ವತವ್ವ ಒಂದು ಲೋಟ ನೀರು ತಂದು ಹುಡುಗಿಯ ಮುಂದಿಟ್ಟಳು.

“ಬಾಯ್ತುಂಬ ತಕಾ. ನುಂಗೂಕಿಲ್ಲ, ಉಗಿಯೂಕಿಲ್ಲ. ಹಾಂಗೇ ಇಟ್ಕಂಡು ಲೆಕ್ಕ ಮಾಡು.”

ಮೊದಲ ದಿನ ನೀರು ಮೂಗಿಗೆ ಏರಿತು. ಎರಡನೇ ಸಲ ಗೊಳಕ್ಕೆಂದು ಇಳಿದುಹೋಯಿತು. ಮೂರನೆಯದಕ್ಕೆ ಅವಳಿಗೆ ನಗು ಬಂದು, ಒಣಗಿದ ಹಪ್ಪಳದ ಮೇಲೆಲ್ಲ ಕಾರಂಜಿ ಹಾರಿತು. ಅಜ್ಜಿ ಮಾತ್ರ ನಗಲಿಲ್ಲ. ಮನೋಹರ ದನ ಕಟ್ಟುತ್ತಾ ನೋಡಿದ. “ಪರೀಕ್ಷೆಗೆ ಓದ್ಸೂದಾ, ಬಾಯಿ ತೊಳ್ಸೂದಾ ಇದು?” ಅಂದ.

“ನೀ ನಿನ್ನ ಎಮ್ಮೆ ನೋಡು,” ಅಂದಳು ತಾಯಿ.

ಎರಡನೇ ದಿನ ಹುಡುಗಿ ನೀರು ಹಿಡಿದು ಕೂತಳು, ಆದರೆ ಲೆಕ್ಕ ಏಳಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನೀರು. ಪಾರ್ವತವ್ವ ಮಣೆ ಎತ್ತಿಕೊಂಡಳು. ಪ್ರಶ್ನೆ ಕೇಳಲಿಲ್ಲ, ಸುಮ್ಮನೆ ಹಪ್ಪಳ ಒತ್ತಿದಳು. ದಬ್. ದಬ್. ಮಾತಿಲ್ಲದ ಮಣೆ ಮಾತ್ರ. ಸ್ವಲ್ಪ ಹೊತ್ತಾದ ಮೇಲೆ ಹುಡುಗಿಯ ಹೆಬ್ಬೆರಳು ನೆಲಕ್ಕೆ ಬಡಿಯಿತು. ಮತ್ತೊಮ್ಮೆ ಬಡಿಯಿತು. ಪೆನ್ನು ಅಲುಗಿತು. ಒಂದು ಗುಣಾಕಾರ ಕಾಗದದ ಮೇಲೆ ಇಳಿಯುವವರೆಗೂ ಅಜ್ಜಿ ತಲೆ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಹಾರಿಹೋಗುತ್ತದೋ ಎನ್ನುವ ಹೆದರಿಕೆ, ಅಂಗಳಕ್ಕೆ ಇಳಿದ ಹಕ್ಕಿಯನ್ನು ನೋಡುವವರಿಗೆ ಇರುವಂಥದು.

ಪರೀಕ್ಷೆಯ ಕೋಣೆಯಲ್ಲಿ ನೀರು ಹಿಡಿದು ಕೂರಲಾಗದು. ಅದಕ್ಕೆ ಅಜ್ಜಿ ಡಬ್ಬಿಯಿಂದ ಒಣ ನೆಲ್ಲಿಯ ಚೂರು ತೆಗೆದಳು. ಅದನ್ನು ದವಡೆಗೆ ಇಟ್ಟುಕೊಂಡರೆ ನಾಲಿಗೆಗೆ ಅದರದ್ದೇ ಕೆಲಸ, ಪಿಸುಗುಡಲು ಪುರುಸೊತ್ತಿರುವುದಿಲ್ಲ. ಶಾಲೆಯಲ್ಲಿ ಮಾಸ್ತರು ಬೆಂಚಿನ ಸುತ್ತ ಸುಳಿದಾಡಿದರು, ಪಕ್ಕದಲ್ಲಿ ನಿಂತು ದಿಟ್ಟಿಸಿದರು, ಬೇಕೆಂದೇ ಕೋಲು ಬಡಿದರು. ನೆಲ್ಲಿ ಇದ್ದರೆ ಕೈ ಓಡುತ್ತಿತ್ತು. ಇಲ್ಲದಿದ್ದರೆ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಅಷ್ಟರಲ್ಲಿ ವಾರ ಮುಗಿಯಿತು.

ಗಣಿತದ ದಿನ ಬೆಳಿಗ್ಗೆ ಗೌರಕ್ಕ ಕೂಸನ್ನು ಎತ್ತಿಕೊಂಡು ನೇರ ಕೇಂದ್ರದ ಶಾಲೆಗೇ ಬಂದಳು. ಹುಬ್ಬಳ್ಳಿಗೆ ಹೋಗುವ ಸಂಜೆಯ ಬಸ್ಸು ಅಲ್ಲಿಯೇ ಹಾಯುತ್ತಿತ್ತು. ಸೌಮ್ಯಳ ಬಟ್ಟೆ ತುಂಬಿದ ಚೀಲವನ್ನು ಮನೋಹರ ಅಜ್ಜಿಯ ಕೈಯಲ್ಲೇ ಕೊಟ್ಟು ಕಳಿಸಿದ್ದ. ಹುಡುಗಿ ಆ ಚೀಲದ ಕಡೆ ನೋಡದೆ, ಚಪ್ಪಲಿಯನ್ನು ಶಾಲೆಯ ಕಟ್ಟೆಯ ಮೇಲೆ ಬಿಟ್ಟು, ನೆಲ್ಲಿಯ ಚೂರನ್ನು ಬಾಯಿಗೆ ಹಾಕಿಕೊಂಡು ಒಳಗೆ ಹೋದಳು.

ಎದುರಿಗೆ ಒಂದು ದೊಡ್ಡ ಗೋಣಿಮರ. ತಾಯಿ ಮಗಳು ಅದರ ಬುಡದಲ್ಲಿ ಕೂತರು. ಸೆಕೆಗೆ ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದರು. ಆದರೆ ಕಟ್ಟೆಯ ಗೋಡೆ ಅಡ್ಡ ಇದ್ದುದರಿಂದ ಮರದ ಬುಡಕ್ಕೆ ಕಾಣುತ್ತಿದ್ದದ್ದು ಗೋಡೆಯ ಕಂಡಿಯಲ್ಲಿ ಒಂದಿಷ್ಟು ನೆಲ, ಬೆಂಚಿನ ಕಾಲು, ಮಕ್ಕಳ ಪಾದ. ಬಾಗಿಲ ಪಕ್ಕದ ಬೆಂಚಿನ ಕೆಳಗೆ ಸೌಮ್ಯಳ ಪಾದಗಳಿದ್ದವು. ಎಡ ಪಾದದ ಮೇಲೊಂದು ಹಳೆಯ ಸುಟ್ಟ ಕಲೆ. ಅಜ್ಜಿಗೆ ಗುರುತು ಸಿಗಲು ಅಷ್ಟು ಸಾಕು.

ಕೆರಿಯ ಎಂಬ ಶಾಲೆಯ ಜವಾನ ಕೋಲು ಹಿಡಿದು ಅಂಗಳ ಸುತ್ತುತ್ತಿದ್ದ. “ಅಜ್ಜಿ, ಇಲ್ಲಿಂದ ಮುಂದೆ ಬರೂಕಿಲ್ಲ ಹಾಂ.”

“ಇಲ್ಲಪ್ಪ. ನಂಗೆ ಓದೂಕೇ ಬರೂದಿಲ್ಲ, ಕಾಪಿ ಎಂತಾ ಕೊಡ್ಲಿ?”

“ಓದೂಕೆ ಬರೂದು ಬ್ಯಾಡ. ಹೋದ ಸಲ ಒಬ್ಬ ಪುಣ್ಯಾತ್ಮ ಇದೇ ಮರದ ಕೆಳಗೆ ಕೂತು ಸೈಕಲ್ ಗಂಟೆ ಬಾರ್ಸಿದಾನೆ. ಒಂದು ಹೊಡದ್ರೆ ಹೌದು, ಎರಡು ಹೊಡದ್ರೆ ಅಲ್ಲ. ಅವನ ಮಗನ್ನ ಎಬ್ಸಿ ಕಳ್ಸಿದ್ರು. ಈ ಸಲ ಕೆಮ್ಮಿದ್ರೂ ನಾ ಬರ್ದಿಟ್ಕಳ್ತೆ.”

ಗಂಟೆ ಬಡಿಯಿತು. ಪಾದಗಳೆಲ್ಲ ಒಮ್ಮೆ ಅಲುಗಿ ಸುಮ್ಮನಾದವು. ಸೌಮ್ಯಳ ಹೆಬ್ಬೆರಳು ಮೆಲ್ಲಗೆ ನೆಲ ಮುಟ್ಟಿತು. ಎದ್ದಿತು, ಮುಟ್ಟಿತು. ಪಾರ್ವತವ್ವ ಕುತ್ತಿಗೆ ಚಾಚಿ ಅದನ್ನೇ ನೋಡಿದಳು.

“ಎಂತಾ ನೋಡ್ತೆ ಅವ್ವಾ?” ಎಂದಳು ಗೌರಕ್ಕ.

“ಬೆರಳು.”

ಗೌರಕ್ಕನಿಗೆ ತಿಳಿಯಲಿಲ್ಲ. ಅವಳ ಕಣ್ಣಿನ ಸುತ್ತ ಕಪ್ಪು ಬಿದ್ದಿತ್ತು. ತೊಡೆಯ ಮೇಲಿನ ಕೂಸು ಮಲಗಿದರೂ ಅವಳ ಕಾಲು ತೂಗುವುದನ್ನು ಬಿಟ್ಟಿರಲಿಲ್ಲ.

ಸ್ವಲ್ಪ ಹೊತ್ತಾಗಿತ್ತು. ಒಳಗಿನಿಂದ ಹೆಂಗಸಿನ ದನಿ ಗಟ್ಟಿಯಾಗಿ ಕೇಳಿತು. “ಏ ಹುಡುಗಿ, ಬಾಯಲ್ಲಿ ಎಂತದು? ಪರೀಕ್ಷೆಗೆ ಬಂದ್ಯೋ ಪೇಟೆಗೆ ಬಂದ್ಯೋ? ಹೋಗು, ಉಗಿದು ಬಾ!”

ಸೌಮ್ಯ ಬಾಗಿಲಿಗೆ ಬಂದಳು. ಕಟ್ಟೆಯ ಅಂಚಿಗೆ ಬಗ್ಗಿ ಉಗಿದಳು. ನೆಲ್ಲಿಯ ಚೂರು ಮಣ್ಣಿಗೆ ಬಿತ್ತು. ತಲೆ ಎತ್ತಿದಾಗ ಅಜ್ಜಿಯ ಕಣ್ಣಿಗೆ ಕಣ್ಣು ಸಿಕ್ಕಿತು. ನೀರಿಗಿಳಿದ ಮೇಲೆ ಆಳ ತಿಳಿದವರ ಮುಖ ಅದು. ಒಳಗೆ ಹೋದಳು. ಪಾದಗಳು ಬೆಂಚಿನ ಕೆಳಗೆ ಬಂದವು. ಒಂದರ ಮೇಲೊಂದು ಹತ್ತಿ, ಬೆರಳಿಗೆ ಬೆರಳು ಸುತ್ತಿಕೊಂಡು ಗಟ್ಟಿಯಾಗಿ ಕೂತವು. ಮತ್ತೆ ಅಲುಗಲಿಲ್ಲ.

ಅಭ್ಯಾಸಬಲದಿಂದ ಸೊಂಟದ ಸಂಚಿಗೆ ಪಾರ್ವತವ್ವನ ಕೈ ಹೋಯಿತು. ಎಲೆ ಅಡಿಕೆ ತೆಗೆದಳು. ಹಲ್ಲಿಲ್ಲದವರಿಗೆ ಕವಳ ಕುಟ್ಟಿಕೊಡುವ ಕಬ್ಬಿಣದ ಪುಟ್ಟ ಕುಟ್ಟಾಣಿ ತೆಗೆದಳು. ಒಂದು ಪೆಟ್ಟು ಹಾಕಲು ಸಲಾಕೆ ಎತ್ತಿದವಳು ಹಾಗೇ ಕೈ ತಡೆದಳು.

ಈ ಸದ್ದು ಹುಡುಗಿಗೆ ಗೊತ್ತು. ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಟಕ್, ಟಕ್ ಎಂದು ಮಣೆಯ ಲಯದಲ್ಲಿ ಕುಟ್ಟಿದರೆ ಸಾಕು, ಆ ಬೆರಳು ಬಿಚ್ಚಿಕೊಳ್ಳುತ್ತದೆ. ಕುಟ್ಟಬೇಕು. ಉತ್ತರ ಹೇಳಿದ ಹಾಗೇನೂ ಅಲ್ಲವಲ್ಲ. ಆದರೆ ಜವಾನ ಕೋಲು ಊರಿ ಇತ್ತಲೇ ನೋಡುತ್ತಿದ್ದ. ಸೈಕಲ್ ಗಂಟೆ ಕೇಳಿದ ಕಿವಿಗೆ ಕುಟ್ಟಾಣಿ ಬೇರೆಯಾಗಿ ಕೇಳೀತೆ? ಯಾರಜ್ಜಿ ಇದು, ಯಾವ ಹುಡುಗಿ ಎಂದು ಹೊರಟರೆ ಎರಡನೇ ಸಲ ಕಾಪಿ ಎಂಬ ಹೆಸರು. ಆಮೇಲೆ ಆ ಹುಡುಗಿ ಜನ್ಮದಲ್ಲಿ ಶಾಲೆಯ ಮೆಟ್ಟಿಲು ಹತ್ತಳು.

ಸಲಾಕೆಯನ್ನು ಇಳಿಸಿದಳು, ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಗೌರಕ್ಕ ಅದನ್ನೇ ನೋಡುತ್ತಿದ್ದಳು.

“ಇಷ್ಟು ಹೆದ್ರಿದ್ದು ನಾ ಕಾಣ್ಲೇ ಇಲ್ಲ ನಿನ್ನ,” ಎಂದಳು. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. “ನಂಗೆ ಯಾರು ಮರದ ಕೆಳಗೆ ಕೂತ್ರು ಅವ್ವಾ?”

ಪಾರ್ವತವ್ವ ತಿರುಗಲಿಲ್ಲ. ಕಣ್ಣು ಪಾದಗಳ ಮೇಲೇ ಇತ್ತು. ಆದರೆ ಆ ವರ್ಷ ಅವಳಿಗೆ ನಿನ್ನೆಯ ಹಾಗೆ ಎದ್ದು ಬಂತು. ಚಳಿಜ್ವರದಲ್ಲಿ ತಾನು ಮಳೆಗಾಲವಿಡೀ ಚಾಪೆ ಹಿಡಿದಿದ್ದು. ಗೌರಿ ಆಗ ನಾಲ್ಕನೇ ಇಯತ್ತೆ. ಎಂಟು ದಿನ ಮನೆಯಲ್ಲಿರಲಿ, ಗಂಜಿ ಬೇಯಿಸಲು ಜನ ಬೇಕು ಎಂದು ಅವಳಪ್ಪ ಹೇಳಿದ್ದು. ಜ್ವರ ಬಿಟ್ಟಿತು. ಗೌರಿಯ ಕೈಯ ಸೌಟು ಮಾತ್ರ ಬಿಡಲಿಲ್ಲ. ಒಂದು ದಿನ ಶಾಲೆಯ ಗಂಟೆ ಕೇಳಿ ಹುಡುಗಿ ಹೊಸ್ತಿಲಿಗೆ ಹೋಗಿ ನಿಂತಿತ್ತು. ಚಾಪೆಯ ಮೇಲಿಂದ ತಾನು ನೋಡಿದ್ದಳು. ಹೋಗು ಅನ್ನಲಿಲ್ಲ.

“ಯಾರೂ ಕೂರ್ಲಿಲ್ಲ,” ಎಂದಳು. “ಹೊಸ್ತಿಲಲ್ಲಿ ನಿಂತಿದ್ದೆ ನೀನು. ನಾ ಕಂಡಿದ್ದೆ.”

ಗೌರಕ್ಕನ ಕಾಲು ತೂಗುವುದು ನಿಂತಿತು. ಅವ್ವ ಅದನ್ನು ಕಂಡಿದ್ದಳೆಂದು ಅವಳಿಗೆ ಗೊತ್ತಿರಲಿಲ್ಲ. ಕೂಸು ಕುಸುಗುಟ್ಟಿತು. ಮತ್ತೆ ತೂಗಿದಳು. ಜವಾನ ಅಂಗಳದ ಆ ತುದಿಗೆ ಹೋದ.

“ಕುಟ್ಟು ಅವ್ವಾ,” ಎಂದಳು ತಟ್ಟನೆ. “ಅವ ಅತ್ಲಾಗೆ ಹೋದ. ಕವಳ ಕುಟ್ಟೂಕೆ ಯಾರ ಅಪ್ಪಣೆ ಬೇಕು? ಎಂತದೋ ಆತದೆ ಅಂತ ತಾನೇ ಕೈಲಿ ಹಿಡ್ಕಂಡಿದ್ದು? ಕುಟ್ಟು.”

ಪಾರ್ವತವ್ವ ಮಗಳ ಮುಖ ನೋಡಿದಳು. ಖಾಲಿ ಕಾಗದ ಬಂದರೆ ಇವಳ ಕಷ್ಟ ಮುಗಿಯುತ್ತದೆ. ಆದರೂ ಕುಟ್ಟು ಅನ್ನುತ್ತಿದ್ದಾಳೆ.

“ಬ್ಯಾಡ,” ಎಂದಳು. “ನಾ ಕುಟ್ಟಿದ್ರೆ ಇವತ್ತು ಬರೀಬೋದು. ನಾಡಿದ್ದು ಸಮಾಜ ಅದೆ, ಮುಂದೆ ಹೈಸ್ಕೂಲದೆ. ಎಲ್ಲೆಲ್ಲಿ ಕೂತು ಕುಟ್ಲಿ?”

ಕುಟ್ಟಾಣಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಅಡಿಗೆ ಇಟ್ಟು ಅದರ ಮೇಲೆ ಕೂತಳು. ಕೈ ತಾನಾಗಿ ಹೋಗಬಾರದೆಂದು ಎರಡೂ ಅಂಗೈಯನ್ನು ಮಣ್ಣಿಗೆ ಊರಿದಳು.

ಬಿಸಿಲು ಮರದ ನೆರಳನ್ನು ತಿಂದು ತಿಂದು ಅವರ ಮೊಣಕಾಲಿಗೆ ಬಂತು. ಒಳಗೆ ಯಾರೋ ಹೆಚ್ಚಿನ ಕಾಗದ ಕೇಳಿದರು. ಸೌಮ್ಯಳ ಪಕ್ಕದ ಪಾದಗಳು ಆರಾಮವಾಗಿ ಆಡುತ್ತಿದ್ದವು. ಆ ಎರಡು ಪಾದ ಮಾತ್ರ ಕಲ್ಲು. ಗೌರಕ್ಕನೂ ಈಗ ಅದನ್ನೇ ನೋಡುತ್ತಿದ್ದಳು. ಅರ್ಧ ಹೊತ್ತು ಆದದ್ದಕ್ಕೆ ಗಂಟೆ ಬಡಿಯಿತು.

ಆ ಗಂಟೆಯ ಗುಂಗು ಗಾಳಿಯಲ್ಲಿ ಇನ್ನೂ ಇತ್ತು. ಸುಟ್ಟ ಕಲೆಯ ಪಾದ ಇನ್ನೊಂದರ ಮೇಲಿಂದ ಜಾರಿತು. ಅಷ್ಟೆ. ಏನೂ ಆಗಲಿಲ್ಲ. ಆಮೇಲೆ ಬಲಗಾಲಿನ ಹೆಬ್ಬೆರಳು ಒಂದು ಸಲ ಎದ್ದು, ತಡೆದು, ನೆಲಕ್ಕೆ ಬಡಿಯಿತು. ಇನ್ನೊಮ್ಮೆ. ನಡುವೆ ನಿಂತಿತು. ಪಾರ್ವತವ್ವನ ಉಗುರಿನೊಳಗೆ ಮಣ್ಣು ಸೇರಿತು. ಮತ್ತೆ ಬಡಿಯಿತು. ಮತ್ತೆ ಮತ್ತೆ.

“ಹೊಡೀತದೆ,” ಎಂದಳು ಗೌರಕ್ಕ, ಉಸಿರಿನಲ್ಲಿ.

“ಮಾತಾಡ್ಬೇಡ.”

ಕಡೆಯ ಗಂಟೆಯವರೆಗೂ ಆ ಬೆರಳು ನಿಲ್ಲಲಿಲ್ಲ.

ಮಕ್ಕಳು ಹೋ ಎಂದು ಹೊರಗೆ ಬಂದರು. ಸೌಮ್ಯ ತುಟಿ ಬಿಗಿದು ಬಂದಳು. ಗೆಳತಿಯರನ್ನೂ ಅತ್ತೆಯನ್ನೂ ದಾಟಿ ನೇರ ನಡೆದಳು. ಬೆರಳು ಬಡಿದದ್ದು ಸರಿ, ಕಾಗದದ ಮೇಲೆ ಏನಾದರೂ ಇಳಿಯಿತೋ ಇಲ್ಲವೋ? ಬೇರೆ ಮಕ್ಕಳ ಜೊತೆ ಬಂದಿದ್ದ ಮಾಸ್ತರು ಪ್ರಶ್ನೆಪತ್ರಿಕೆ ಇಸಕೊಂಡು ಹಿಂದೆ ಹಿಂದೆ ನಡೆದರು. ಶಾಲೆಯ ಕಾಂಪೌಂಡು ದಾಟಿ, ರಸ್ತೆಯ ತಿರುವು ದಾಟಿ, ಯಾರೂ ಇಲ್ಲದ, ಮಣ್ಣುಗೋಡೆಯಂಥ ದರೆಯ ಬುಡಕ್ಕೆ ಬಂದ ಮೇಲೆ ಹುಡುಗಿ ನಿಂತಳು.

ಬಾಯಿ ತೆರೆದಳು.

ಒಂದನೇ ಲೆಕ್ಕ, ಅದರ ಉತ್ತರ, ಎರಡನೇ ಲೆಕ್ಕ, ಅದರ ಉತ್ತರ. ಕಟ್ಟಿಹಿಡಿದದ್ದೆಲ್ಲ ಒಂದೇ ಉಸಿರಿಗೆ ಹೊರಬಿತ್ತು. ಮಾಸ್ತರು ಪತ್ರಿಕೆ ಹಿಡಿದು ತಲೆಯಾಡಿಸುತ್ತಾ ಬೆನ್ನಟ್ಟಿದರು. “ಹೌದು. ಹೌದು. ನಿಂದ್ರವ್ವ, ಸಾವಕಾಶ. ಹೌದು. ವೃತ್ತದ್ದು?”

“ನೂರಾ ಐವತ್ತನಾಲ್ಕು ಚದರ ಸೆಂಟಿಮೀಟರು.”

“ಹೌದು. ಭಿನ್ನರಾಶಿದು?”

ಅವಳು ಹೇಳಿದಳು. ಮಾಸ್ತರು ಹಣೆ ಗಂಟಿಕ್ಕಿದರು. “ಅದು ಹೋತು. ಮುಂದಿಂದು?”

“ಮುಂದಿನ ಎರಡು ಮುಟ್ಟೂಕೆ ಹೊತ್ತು ಸಾಕಾಗ್ಲಿಲ್ಲ ಮಾಸ್ತರೇ. ಮೊದ್ಲು ಸುಮಾರು ಹೊತ್ತು ಸುಮ್ನೇ ಕೂತಿದ್ದೆ.”

ಮಾಸ್ತರು ಪತ್ರಿಕೆ ಮಡಿಚಿ ಕಿಸೆಗೆ ಹಾಕಿದರು. “ಪಾಸಾಗೂ ಅಷ್ಟು ಆಗೇತಿ, ಅಜ್ಜಿ. ಜಾಸ್ತಿ ಇಲ್ಲ, ಆದ್ರ ಆಗೇತಿ.”

ಪಾರ್ವತವ್ವ ದರೆಗೆ ಒರಗಿದಳು. ಸೌಮ್ಯ ಆಗ ಅಳತೊಡಗಿದಳು, ಸದ್ದು ಮಾಡಿ. ಯಾರೂ ಸುಮ್ಮನಿರು ಅನ್ನಲಿಲ್ಲ.

ಗೌರಕ್ಕ ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿದಳು. “ಬಟ್ಟೆ ಚೀಲ ವಾಪಸ್ ತಕಂಡು ಹೋಗು ಸೌಮ್ಯಾ,” ಎಂದಳು. “ನಾ ಬೇರೆ ಯಾರ್ನಾದ್ರೂ ನೋಡ್ತೆ.” ಯಾರೂ ಇಲ್ಲವೆಂಬುದು ಅವಳ ಮುಖದಲ್ಲೇ ಇತ್ತು.

“ಬೇರೆ ಯಾರ್ನೂ ನೋಡೂದು ಬ್ಯಾಡ,” ಎಂದಳು ಪಾರ್ವತವ್ವ. “ನಾ ಬರ್ತೆ.”

“ನೀನಾ? ಶಿರಸಿ ಬಸ್ಸಿಗೇ ವಾಂತಿ ಮಾಡ್ಕಂಬವ್ಳು!”

“ಮಾಡ್ಕಂಡ್ರೆ ಮಾಡ್ಕಂಡೆ. ಕೂಸು ಕೂರೂಕೆ ಕಲೀಲಿ, ಅಂಬೆಗಾಲು ಹಾಕ್ಲಿ, ಆಮೇಲೆ ನೋಡ್ವ.”

ಸೌಮ್ಯ ಕಣ್ಣೊರಸಿಕೊಂಡಳು. “ಮತ್ತೆ ನಾಡಿದ್ದು ಸಮಾಜಕ್ಕೆ ನನ್ನ ಯಾರು ಕೇಳ್ತಾರೆ ಅಜ್ಜೀ?”

“ನಿನ್ನವ್ವಂಗೆ ಕಿವಿ ಇಲ್ಯನೆ? ಮಣೆ ಅಲ್ಲೇ ಅದೆ. ಮೊದ್ಲು ಬಾಯಲ್ಲಿ ಹೇಳು, ಆಮೇಲೆ ಬಾಯಿ ಮುಚ್ಚಿ ಬರಿ. ಅಪ್ಪಂಗೆ ಮಾಸ್ತರು ಹೇಳ್ತಾರೆ.”

“ಹೇಳ್ತೀನ್ರೀ,” ಎಂದರು ಶಿವಪುತ್ರಪ್ಪ ಮಾಸ್ತರು. “ಮನೋಹರಂಗ ನಾನ ಹೇಳ್ತೀನಿ. ನೀವು ಹೋಗಿ ಬರ್ರಿ.”

ಸಂಜೆಯ ಬಸ್ಸು ಬಂತು. ಉಟ್ಟ ಸೀರೆಯಲ್ಲೇ, ಕುಟ್ಟಾಣಿ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾರ್ವತವ್ವ ಹತ್ತಿದಳು. ತಿರುವುಗಳು ಶುರುವಾಗುವ ಮೊದಲೇ ಉಳಿದ ನೆಲ್ಲಿಯ ಚೂರನ್ನು ದವಡೆಗೆ ಇಟ್ಟುಕೊಂಡು ಬಾಯಿ ಮುಚ್ಚಿದಳು. ಮಡಿಲಲ್ಲಿ ಕೂಸು ಅಳುತ್ತಿತ್ತು. ಅವಳ ಹೆಬ್ಬೆರಳು ಬಸ್ಸಿನ ತಗಡಿಗೆ ಬಡಿಯತೊಡಗಿತು. ಕೂಸು ಸದ್ದು ಆಲಿಸಿ ಸುಮ್ಮನಾಯಿತು.

ಗೌರಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ, ತನಗೇ ಎಂಬಂತೆ ಶುರುಮಾಡಿದಳು. “ಹದ್ಮೂರ್ ಒಂದ್ಲಿ ಹದ್ಮೂರು. ಹದ್ಮೂರ್ ಎರಡ್ಲಿ ಇಪ್ಪತ್ತಾರು...” ಬೆರಳಿನ ಲಯಕ್ಕೆ ಅವಳ ದನಿ ಕೂಡಿಕೊಂಡಿತು. ಏಳರವರೆಗೆ ಸರಾಗವಾಗಿ ಬಂದಳು. “ಹದ್ಮೂರ್ ಎಂಟ್ಲಿ...” ನಿಂತಳು. “ಹದ್ಮೂರ್ ಎಂಟ್ಲಿ... ಇಲ್ಲ ಅವ್ವಾ, ಹೋಗಿಬಿಟ್ಟದೆ.”

ಪಾರ್ವತವ್ವ ಕಿಟಕಿಯ ಕಡೆ ಬಾಗಿದಳು. ನೆಲ್ಲಿಯ ಚೂರನ್ನು ಹೊರಗೆ ಉಗಿದು, ಸೆರಗಿನಿಂದ ಬಾಯಿ ಒರಸಿಕೊಂಡಳು.

“ನೂರಾ ನಾಲ್ಕು,” ಎಂದಳು. “ಮೊದ್ಲಿಂದ ಹೇಳು. ಗಟ್ಟಿ ಹೇಳು.”